ಗುಬ್ಬಿಗಾಗಿ ಕಲಿತ ಭಾಷೆ

"ಅದನ್ನ ವಾಪಸ್ ಇಟ್ಬಿಡಿ!"

ಲೈಬ್ರರಿಯ ಸಿನಿಮಾ ವಿಭಾಗದಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡುವುದಿಲ್ಲ. ಅವಳು ಬೆಚ್ಚಿ ತಿರುಗಿದಳು.

ಅವಳ ಒಂದು ಕೈಯಲ್ಲಿ ಜಪಾನೀ ಭಾಷೆಯ ಮೊದಲ ಪಾಠಗಳ ಪುಸ್ತಕ. ಇನ್ನೊಂದರಲ್ಲಿ ಜಪಾನೀ ಧಾರಾವಾಹಿಯೊಂದರ ಡಿಸ್ಕುಗಳ ಡಬ್ಬಿ. ಡಬ್ಬಿಯ ಮೇಲೆ ಕಪ್ಪು ಕೋಟಿನ ಗಂಡಸರು ಸಾಲಾಗಿ ನಿಂತು ಗುರಾಯಿಸುತ್ತಿದ್ದರು.

ಎದುರಿಗಿದ್ದವನೂ ಹೆಚ್ಚುಕಡಿಮೆ ಹಾಗೇ ಗುರಾಯಿಸುತ್ತಿದ್ದ. ಕೆದರಿದ ಕೂದಲು, ಪರದೆ ನೋಡಿ ನೋಡಿ ಕೆಂಪಾದ ಕಣ್ಣುಗಳು.

"ನನಗೆ ಹೇಳಿದ್ರಾ?"

"ನಿಮಗೇ. ಭಾಷೆ ಕಲಿಯೋಕೆ ಅಂತ ತಾನೆ ತಗೊಂಡಿರೋದು? ಅದನ್ನ ನೋಡಿ ಕಲಿತ್ರೆ ಪಕ್ಕಾ ರೌಡಿ ಥರ ಮಾತಾಡ್ತೀರಿ. ಯಾರಿಗೆ ಚಾಕು ತೋರಿಸ್ಬೇಕಾಗಿದೆ ನಿಮಗೆ?"

ಅವಳ ಮೈಯೆಲ್ಲ ಉರಿದುಹೋಯಿತು. ಎಷ್ಟೋ ದಿನದಿಂದ ತಡೆದಿಟ್ಟುಕೊಂಡಿದ್ದ ಅಳು ಕೋಪವಾಗಿ ಹೊರಬಂತು.

"ಏಳು ವರ್ಷದ ಮಗೂಗೆ! ತಾಯಿ ಸತ್ತಿರೋ ಮಗೂಗೆ! ಅದಕ್ಕೆ ನಮ್ಮ ಭಾಷೆ ಬರಲ್ಲ, ನನಗೆ ಅದರ ಭಾಷೆ ಬರಲ್ಲ. ಅದರ ಹತ್ರ ಮಾತಾಡೋಕೆ ಕಲೀತಿದ್ದೀನಿ. ಸಾಕಾ? ಇನ್ನೂ ಏನಾದ್ರೂ ತಿಳ್ಕೋಬೇಕಾ?"

ಅವನ ಮುಖದ ಬಣ್ಣವೇ ಇಳಿದುಹೋಯಿತು. 

ಅವಳು ಹಟಕ್ಕೆ ಬಿದ್ದವಳಂತೆ ಆ ಡಬ್ಬಿಯನ್ನೇ ತೆಗೆದುಕೊಂಡು ಹೊರಟುಬಿಟ್ಟಳು.

ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣೆದುರು ಗಾಜು ಬದಲಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿತ್ತಾ?" ಎಂದು ದಿನವಿಡೀ ಕೇಳುವ ಕೆಲಸ. ತಾಳ್ಮೆಗೆ ಹೆಸರಾದವಳು. ಅಂಥವಳು ಒಬ್ಬ ಅಪರಿಚಿತನ ಮೇಲೆ ಹಾಗೆ ಹರಿಹಾಯ್ದಿದ್ದು ಅವಳಿಗೇ ಆಶ್ಚರ್ಯವಾಗಿತ್ತು.

ಅಕ್ಕ ಮದುವೆಯಾಗಿ ಜಪಾನಿಗೆ ಹೋದವಳು ತಿರುಗಿ ಬಂದದ್ದು ಒಂದೇ ಸಲ. ಅಲ್ಲೇ ಹೆತ್ತಳು, ಅಲ್ಲೇ ಕಾಯಿಲೆ ಬಿದ್ದಳು, ಅಲ್ಲೇ ಹೋಗಿಬಿಟ್ಟಳು. ಭಾವ ಅಲ್ಲಿಯವರೇ, ಹಡಗಿನ ಇಂಜಿನಿಯರ್. ತಿಂಗಳುಗಟ್ಟಲೆ ಸಮುದ್ರದ ಮೇಲೆ. ಅವರ ವಯಸ್ಸಾದ ತಾಯಿ ಇಷ್ಟು ದಿನ ಮೊಮ್ಮಗಳನ್ನು ನೋಡಿಕೊಂಡಿದ್ದರು. ಈಗ ಅವರಿಗೆ ಸೊಂಟದ ತೊಂದರೆ, ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಹಾಗಾಗಿ ಮಗುವನ್ನು ಚಿಕ್ಕಮ್ಮನ ಬಳಿ ಬಿಡುವುದೆಂದು ತೀರ್ಮಾನವಾಗಿತ್ತು.

ಅಕ್ಕ ಮಗಳನ್ನು ಕರೆಯುತ್ತಿದ್ದದ್ದು 'ಗುಬ್ಬಿ' ಎಂದು. ಆ ಮಗುವಿಗೆ ಗೊತ್ತಿದ್ದ ನಮ್ಮ ಭಾಷೆಯ ಮಾತು ಅದೊಂದೇ.

ಅವಳು ಆ ಧಾರಾವಾಹಿಯನ್ನು ವಾರವಿಡೀ ನೋಡಿದಳು. ಭಾನುವಾರ ಬೆಳಿಗ್ಗೆ ವೀಡಿಯೊ ಕರೆ ಮಾಡಿ, ಬಾಯಿಪಾಠ ಮಾಡಿಕೊಂಡಿದ್ದನ್ನು ಧೈರ್ಯವಾಗಿ ಹೇಳಿದಳು. 'ನೀನು ಹೇಗಿದ್ದೀಯ?' ಎಂದು ಕೇಳಿದ್ದೇನೆ ಅಂದುಕೊಂಡಿದ್ದಳು.

ಆ ಕಡೆ ಅಜ್ಜಿಯ ಕೈಯಿಂದ ಚಮಚ ಕೆಳಗೆ ಬಿತ್ತು. ಗುಬ್ಬಿ ಕಣ್ಣರಳಿಸಿ ನೋಡಿದಳು. ತುಟಿ ನಡುಗಿತು. ಎದ್ದು ಓಡಿಹೋದಳು!

ಅವಳು 'ನೀನು' ಎಂಬುದಕ್ಕೆ 'ಒಮಾಎ' ಎಂದಿದ್ದಳು. ಕಪ್ಪು ಕೋಟಿನವರು ಒಬ್ಬರ ಕುತ್ತಿಗೆ ಪಟ್ಟಿ ಒಬ್ಬರು ಹಿಡಿದಾಗ ಬಳಸುವ ಮಾತು.

ಮಾರನೆಯ ದಿನ ಅವಳು ಲೈಬ್ರರಿಯ ಕೌಂಟರಿನಲ್ಲಿ ನಿಂತು ತಗ್ಗಿದ ದನಿಯಲ್ಲಿ ಕೇಳಿದಳು, "ಆವತ್ತು ನನ್ನ ಜೊತೆ ಜಗಳ ಆಡಿದ್ರಲ್ಲ... ಅವರು ಎಲ್ಲಿ ಸಿಗ್ತಾರೆ?"

"ಅವರಾ? ಜಪಾನೀ ಸಿನಿಮಾಗೆ ಸಬ್‌ಟೈಟಲ್ ಬರೀತಾರೆ. ಹಿಂದಿನ ಬೀದಿ, ಪ್ರಿಂಟಿಂಗ್ ಪ್ರೆಸ್ ಮೇಲುಗಡೆ."

ದಪ್ಪ ಪರದೆ ಎಳೆದ ಸಣ್ಣ ಕೋಣೆ. ಕೆಳಗಿನ ಪ್ರೆಸ್ಸಿನ ಸದ್ದಿಗೆ ನೆಲ ಸಣ್ಣಗೆ ಅದುರುತ್ತಿತ್ತು. ಅವಳನ್ನು ಕಂಡವನೇ ಅವನು ಕಿವಿಯ ಮೇಲಿದ್ದ ಹೆಡ್‌ಫೋನ್ ತೆಗೆದು ಎದ್ದು ನಿಂತ.

"ಆವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದ.

"ನೀವು ಹೇಳಿದ್ದೇ ಸರಿ ಆಯ್ತು. ನಮ್ಮ ಗುಬ್ಬಿ ಅಳ್ತಾ ಓಡಿಹೋದ್ಲು." ಅವಳು ಚೀಲದಿಂದ ಪುಸ್ತಕ, ಡಬ್ಬಿಗಳನ್ನು ಹೊರತೆಗೆದಳು. "ಯಾವುದು ಓದ್ಬೇಕು, ಯಾವುದು ನೋಡ್ಬೇಕು, ನೀವೇ ಹೇಳಿ. ನನಗೆ ಯಾವುದೂ ತಿಳೀತಿಲ್ಲ."

ಅವಳು ತಂದಿದ್ದನ್ನೆಲ್ಲ ಅವನು ಮೇಜಿನ ಮೇಲೆ ಹರಡಿ ಒಂದೊಂದಾಗಿ ನೋಡಿದ.

"ಈ ಪುಸ್ತಕ ಕಂಪನಿಗೆ ಹೋಗೋರಿಗೆ. ಮೊದಲ ಪಾಠದಲ್ಲೇ ವಿಸಿಟಿಂಗ್ ಕಾರ್ಡ್ ಕೊಡೋದು ಹೇಗೆ ಅಂತ ಇದೆ. ಗುಬ್ಬಿ ನಿಮಗೆ ವಿಸಿಟಿಂಗ್ ಕಾರ್ಡ್ ಕೊಡ್ತಾಳಾ?"

ಅಕ್ಕ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಈ ಕಾರ್ಟೂನು ಚೆನ್ನಾಗಿದೆ, ಆದ್ರೆ ಎಲ್ಲರೂ ಕಿರಿಚ್ತಾರೆ. ಮನೇಲಿ ಯಾರೂ ಹಾಗೆ ಮಾತಾಡಲ್ಲ. ಮೊಬೈಲ್ ಆ್ಯಪಿನಲ್ಲಿ ಏನು ಹೇಳ್ಕೊಡ್ತಾರೆ?"

"ಕುದುರೆ ಹಾಲು ಕುಡಿಯುತ್ತದೆ ಅಂತ."

"ಕುಡೀಲಿ ಬಿಡಿ, ಪಾಪ." ಅವನು ಎದ್ದು ಕಪಾಟಿನಿಂದ ಮೂರು ವಸ್ತು ತೆಗೆದುಕೊಂಡು ಬಂದ.

ಒಂದು, ಚಿಕ್ಕ ಮಕ್ಕಳ ಟೀವಿ ಕಾರ್ಯಕ್ರಮ. ಅದರಲ್ಲಿ ಒಂದು ಬಸವನಹುಳ ಅಂಚೆಯವನು. ಮನೆಮನೆಗೆ ಹೋಗಿ ಬಾಗಿಲು ತಟ್ಟುತ್ತಾನೆ, ಎಲ್ಲರ ಹತ್ತಿರವೂ ಅದೇ ನಾಲ್ಕು ಮಾತಾಡುತ್ತಾನೆ. ಎರಡನೆಯದು, ಒಂಟಿ ಕಾಲುಚೀಲವೊಂದು ತನ್ನ ಜೋಡಿಯನ್ನು ಹುಡುಕಿಕೊಂಡು ಹೋಗುವ ಚಿತ್ರಪುಸ್ತಕ. ಮೂರನೆಯದು ಹಳೆಯ ಸಿನಿಮಾ. ದೋಣಿ ಕಟ್ಟೆಯಲ್ಲಿ ಟಿಕೆಟ್ ಕೊಡುವ ತಂದೆ, ಅವನ ಮಗಳು. ಅವರು ಉಣ್ಣುತ್ತಾರೆ, ಬಟ್ಟೆ ಮಡಿಸುತ್ತಾರೆ, ಮಾತಾಡುತ್ತಾರೆ. ಅಷ್ಟೇ ಕಥೆ.

"ಕಥೆ ಬೇಗ ಮುಗಿದುಹೋಗೋದನ್ನ ಆರಿಸಬೇಡಿ. ಮತ್ತೆ ಮತ್ತೆ ನೋಡಿದ್ರೂ ಬೇಜಾರಾಗದೇ ಇರೋದನ್ನ ಆರಿಸಿ. ಮತ್ತೆ... ಸಬ್‌ಟೈಟಲ್ ಆಫ್ ಮಾಡಿ ನೋಡಿ."

"ನಿಮ್ಮ ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೊಳ್ತೀರಲ್ಲ!"

ಅವನು ನಗಲಿಲ್ಲ. "ಪರದೆ ಮೇಲೆ ಎರಡೇ ಸಾಲು ಹಿಡಿಯೋದು. ಅವರು ಆಡಿದ ಮಾತಲ್ಲಿ ಅರ್ಧ ನಾನು ಬಿಟ್ಟಿರ್ತೀನಿ. ಆ ಬಿಟ್ಟ ಅರ್ಧದಲ್ಲೇ ಮನೆ ಇರುತ್ತೆ."

ಆ ಮಾತು ಅವಳ ಎದೆಯೊಳಗೆ ಎಲ್ಲೋ ಹೋಗಿ ಕುಳಿತಿತು.

ಅಂದಿನಿಂದ ಶನಿವಾರದ ಮಧ್ಯಾಹ್ನಗಳು ಆ ಕೋಣೆಯಲ್ಲೇ ಕಳೆದವು.

ಕಾಲುಚೀಲದ ಪುಸ್ತಕ ನೋಡಲು ಸುಲಭ, ಓದಲು ಕಷ್ಟ. ಪುಟದ ತುಂಬ ಜೋಡಿ ಜೋಡಿ ಸದ್ದುಗಳು. ಮೆಲ್ಲಗೆ ಅಳುವುದಕ್ಕೆ 'ಶಿಕು ಶಿಕು', ಚುಚ್ಚಿದಂತಾಗುವುದಕ್ಕೆ 'ಚಿಕು ಚಿಕು'.

"ಇದು ನಮ್ಮ ಗಳಗಳ, ಚುರುಚುರು ಇದ್ದ ಹಾಗೆ!" ಎಂದು ಅವಳು ಕುಣಿದಾಡಿದಳು.

"ಹೌದು. ದೊಡ್ಡವರ ಪುಸ್ತಕದಲ್ಲಿ ಇವು ಸಿಗಲ್ಲ. ಮಗೂಗೆ ಎಲ್ಲಿ ನೋವು ಅಂತ ತಿಳ್ಕೊಳ್ಳೋಕೆ ಇವೇ ಬೇಕು."

ಅವನು ಹೇಳಿಕೊಡುವಾಗ ದನಿ ಏರಿಸುತ್ತಿರಲಿಲ್ಲ. ಅವಳು ತಪ್ಪಿದರೆ ಸಿನಿಮಾ ಹಿಂದಕ್ಕೆ ಓಡಿಸಿ ಮತ್ತೆ ಕೇಳಿಸುತ್ತಿದ್ದ. 'ಒಬಸಾನ್' ಎಂದರೆ ಚಿಕ್ಕಮ್ಮ, 'ಬ' ಎಳೆದು 'ಒಬಾಸಾನ್' ಎಂದರೆ ಅಜ್ಜಿ ಎಂದು ತಿಳಿದಾಗ ಅವಳು ಕನ್ನಡಿ ಮುಂದೆ ನಿಂತು ಅದನ್ನೇ ಹೇಳಿಕೊಂಡಳು. ಸದ್ಯ, ಹ್ರಸ್ವ ದೀರ್ಘ ಅವಳ ನಾಲಿಗೆಗೆ ಹೊಸದಲ್ಲ!

ಗುಬ್ಬಿ ಮತ್ತೆ ಪರದೆಯ ಮುಂದೆ ಬಂದಳು. ಮೊದಲು ಅರ್ಧ ಮುಖ, ಆಮೇಲೆ ಪೂರ್ತಿ ಮುಖ. ಒಂದು ದಿನ ಉದುರಿದ ಹಲ್ಲನ್ನು ಅಂಗೈ ಮೇಲಿಟ್ಟು ತೋರಿಸಿದಳು.

ಆ ಕರೆಯನ್ನು ಮಾಡಿದ್ದು ಅವನ ಕೋಣೆಯಿಂದಲೇ. ಗುಬ್ಬಿಯ ಅಜ್ಜಿ ಉದ್ದಕ್ಕೆ ಏನೋ ಹೇಳತೊಡಗಿದಾಗ, ಪಕ್ಕದಲ್ಲಿ ಕುಳಿತಿದ್ದ ಅವನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಏನಾಯ್ತು?" ಎಂದು ಆಮೇಲೆ ಕೇಳಿದಳು.

"ಏನಿಲ್ಲ. ಆ ಅಜ್ಜಿ ಮಾತಾಡೋ ರಾಗ..." ಅಲ್ಲಿಗೆ ನಿಲ್ಲಿಸಿಬಿಟ್ಟ.

ದೋಣಿ ಕಟ್ಟೆಯ ಸಿನಿಮಾವನ್ನು ಅವಳು ಎಷ್ಟು ಸಲ ನೋಡಿದಳೋ! ಈಚೀಚೆಗೆ ಸಿನಿಮಾಕ್ಕಿಂತ, ಪಕ್ಕದಲ್ಲಿ ಕುಳಿತವನ ಉಸಿರೇ ಹೆಚ್ಚು ಕೇಳಿಸುತ್ತಿತ್ತು.

'ನಾನು ಇಲ್ಲಿಗೆ ಬರ್ತಿರೋದು ಗುಬ್ಬಿಗೋಸ್ಕರ ಮಾತ್ರಾನಾ...?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ನಾಚಿಕೆ.

ಒಂದು ಶನಿವಾರ ಅವನೇ ಅಂದ, "ಗುಬ್ಬಿ ಬಂದು ಸ್ವಲ್ಪ ಹೊಂದಿಕೊಳ್ಳಲಿ. ಆಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಈಗಲೇ ಕೇಳಿ."

"ಇಲ್ಲ. ಈಗ ನಿಮ್ಮ ಮನಸ್ಸಲ್ಲಿ ಜಾಗ ಇರೋದು ಅವಳಿಗೆ. ಅಲ್ಲಿ ನಾನು ನುಗ್ಗಬಾರದು."

ಅವಳು ಅಂದು ಮನೆಗೆ ನಡೆದೇ ಹೋದಳು. ಕಾಲು ನೆಲದ ಮೇಲಿರಲಿಲ್ಲ.

ಗುಬ್ಬಿ ಬರುವ ಹಿಂದಿನ ವಾರ ಅವಳ ಅಮ್ಮ ಅವನನ್ನು ಟೀಗೆ ಕರೆದರು. ಮಗಳನ್ನು ಕಳೆದುಕೊಂಡಾಗಿನಿಂದ ಅಮ್ಮ ಅರ್ಧ ಆಗಿಬಿಟ್ಟಿದ್ದರು. ಅಂದು ಮಾತ್ರ ಬಾಯ್ತುಂಬ ಮಾತಾಡಿದರು.

"ಭಾಷೆ ಕಲಿಯೋಕೆ ಅಂತ ಈ ಪುಟ್ಟಿ ಎಷ್ಟು ಒದ್ದಾಡ್ತಾಳೆ ನೋಡಪ್ಪ. ಮಗು ಬಂದ್ರೆ ನಾಲ್ಕು ದಿನ ಅಳುತ್ತೆ, ಆಮೇಲೆ ನಮ್ಮ ಮಾತು ತಾನಾಗೇ ಬರುತ್ತೆ. ಹಳೇದೆಲ್ಲ ಮರೆತೂಹೋಗುತ್ತೆ. ಮರೆತ್ರೇ ಒಳ್ಳೇದು. ಹೆತ್ತವಳನ್ನ ನುಂಗಿದ ಊರಿನ ಮಾತು ಯಾಕೆ ಬೇಕು ಅದಕ್ಕೆ?"

ಅಮ್ಮನ ಕಣ್ಣು ತುಂಬಿತ್ತು. ಅವಳು ಅಮ್ಮನ ಕೈ ಹಿಡಿದು, "ಹೂಂ ಅಮ್ಮ, ಮರೆತುಬಿಡ್ತಾಳೆ ಬಿಡು," ಎಂದಳು.

ಅವನು ಕಪ್ಪನ್ನು ಕೆಳಗಿಟ್ಟ. 

"ಹಾಗಾದ್ರೆ ಆ ಮಗೂನ ಕರ್ಕೊಂಡು ಬರಬೇಡಿ."

ಅಮ್ಮ ದಂಗಾದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಅವಳು ಮೆಟ್ಟಿಲಿನಲ್ಲಿ ಅವನನ್ನು ತಡೆದಳು. "ಏನಂದ್ರಿ ನೀವು? ಅದಕ್ಕೆ ಬೇರೆ ಯಾರಿದ್ದಾರೆ?"

"ಅಜ್ಜಿ ಇದ್ದಾರೆ. ಕೂತಲ್ಲೇ ಆದ್ರೂ ಅವಳ ಭಾಷೇಲಿ ಮಾತಾಡ್ತಾರೆ."

"ಇಷ್ಟು ದಿನ ಪುಸ್ತಕ ಕೊಟ್ಟಿದ್ದು, ಸಿನಿಮಾ ತೋರಿಸಿದ್ದು... ಎಲ್ಲ ಕಾಲ ಕಳೆಯೋಕಾ?" ಅವಳ ದನಿ ಒಡೆಯಿತು. "ಈಗ ಅರ್ಥ ಆಯ್ತು ಬಿಡಿ. ನಾನು ಒಬ್ಬಳೇ ಆದ್ರೆ ಸರಿ. ಮಗು ಜೊತೆಗೆ ಬಂದ್ರೆ ನಿಮಗೆ ಭಾರ!"

ಅವನು ಅವಳನ್ನೇ ನೋಡಿದ. ಆ ಕೆಂಪು ಕಣ್ಣುಗಳಲ್ಲಿ ಏನೋ ಹೊಯ್ದಾಡಿತು. ಹೇಳಿಬಿಡುತ್ತಾನೆ ಎನ್ನಿಸಿತು...

"ಹಾಗೇ ಅಂದ್ಕೊಳ್ಳಿ," ಎಂದು ಇಳಿದು ಹೋದ.

ಗುಬ್ಬಿಯನ್ನು ಕರೆತಂದ ಭಾವ ಎರಡು ದಿನವಿದ್ದು ಹಡಗಿಗೆ ಮರಳಿದರು.

ಮಗು ಅಕ್ಕನ ಪಡಿಯಚ್ಚು. ಅದೇ ಹಣೆ, ಅದೇ ಗಲ್ಲ. ಕೇಳಿದ್ದಕ್ಕೆ 'ಹಾಇ' ಅನ್ನುತ್ತಿತ್ತು. ಹೌದು ಎಂದು. ಊಟ ಬೇಕಾ? ಹಾಇ. ಸಾಕಾ? ಹಾಇ. ಅವಳು ಇಷ್ಟು ದಿನ ಕೂಡಿಟ್ಟ ಮಾತುಗಳೆಲ್ಲ ಆ ಒಂದು ಪದಕ್ಕೆ ತಗುಲಿ ಕೆಳಗೆ ಬೀಳುತ್ತಿದ್ದವು.

ಮೂರು ಮಹಡಿ ಹತ್ತಿ ಮನೆಗೆ ಬಂದಾಗ ಒಂದು ಸಂಜೆ ಗುಬ್ಬಿ ಬಾಗಿಲಲ್ಲೇ ಕುಸಿದು ಕುಳಿತು ಮೆಲ್ಲಗೆ ಅಂದಳು:

"ಕೊವಾಇ."

ಆ ಪದ ಅವಳಿಗೆ ಗೊತ್ತು. ಗುಡುಗು ಬಂದಾಗ ಬಸವನಹುಳ ಚಿಪ್ಪಿನೊಳಗೆ ಸೇರಿಕೊಂಡು ಹೇಳುವುದು ಅದನ್ನೇ. ಭಯ. ಭಯ ಆಗ್ತಿದೆ!

ಮಾರನೆಯ ದಿನ ಸ್ನಾನದ ಮೇಲೆ ಮತ್ತೆ ಅದೇ ಮಾತು. ಅದರ ಮಾರನೆಯ ದಿನ ತಟ್ಟೆ ಮುಂದೆ. ಪ್ರತಿ ಸಲವೂ ಚಿಕ್ಕಮ್ಮನ ಮುಖ ನೋಡಿಯೇ ಹೇಳುತ್ತಿತ್ತು.

ಅವಳು ಎಲ್ಲ ಕೋಣೆಗಳ ದೀಪ ಹಾಕಿಟ್ಟಳು. ಕಪಾಟಿನ ಬಾಗಿಲು ತೆರೆದು ಒಳಗೆ ಏನೂ ಇಲ್ಲ ಎಂದು ತೋರಿಸಿದಳು. ಮಗು ಸುಮ್ಮನೆ ನೋಡಿತು. ಮತ್ತೆ, "ಕೊವಾಇ."

'ನನ್ನನ್ನ ಕಂಡ್ರೇ ಭಯ ಇದಕ್ಕೆ. ಮೊದಲ ದಿನ ರೌಡಿ ಥರ ಮಾತಾಡಿದ್ದು ಮನಸ್ಸಲ್ಲಿ ಹಾಗೇ ಕೂತುಬಿಟ್ಟಿದೆ...'

ಅಂದಿನಿಂದ ಅವಳು ದೂರ ಸರಿದಳು. ತಲೆ ಬಾಚಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಹಾಸಿಗೆ ಪಕ್ಕ ಕೂರುವ ಬದಲು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡಳು. ಅಮ್ಮನಿಗೂ ಹೇಳಿದಳು, "ಅದನ್ನ ಮುಟ್ಟೋದು, ಮುದ್ದು ಮಾಡೋದು ಬೇಡ ಅಮ್ಮ. ಹೆದರ್ತಿದೆ."

ಒಂದು ಬೆಳಿಗ್ಗೆ ಗುಬ್ಬಿ ಹಾಸಿಗೆಯಿಂದ ಏಳಲೇ ಇಲ್ಲ. "ಕೊವಾಇ" ಎಂದು ಗೋಡೆ ಕಡೆ ತಿರುಗಿಕೊಂಡಳು.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಮಾನ, ಅಭಿಮಾನ ಎಲ್ಲ ಮನೆಯಲ್ಲೇ ಬಿಟ್ಟು ಹೊರಟಳು.

"ನನಗೋಸ್ಕರ ಬಂದಿಲ್ಲ," ಎಂದಳು ಅವನ ಕೋಣೆಯ ಬಾಗಿಲಲ್ಲೇ ನಿಂತು. "ಗುಬ್ಬಿಗೋಸ್ಕರ ಬಂದಿದ್ದೀನಿ. ಮಗು ಹಗಲೂ ರಾತ್ರಿ ಕೊವಾಇ ಅಂತಿದೆ. ನನ್ನನ್ನ ಕಂಡ್ರೆ ಭಯ ಅಂತಿದೆ. ನೀವು ಹೇಳಿದ್ದೇ ಸರಿ. ಕರ್ಕೊಂಡು ಬರಬಾರದಿತ್ತು. ವಾಪಸ್ ಕಳಿಸೋಕೆ ಮುಂಚೆ ಒಂದೇ ಒಂದು ಸಲ ಬಂದು ಕೇಳ್ತೀರಾ, ನಾನು ಏನು ತಪ್ಪು ಮಾಡಿದೆ ಅಂತ...?"

ಅವನು ಕುರ್ಚಿಯಿಂದ ಎದ್ದ.

"ಯಾವಾಗ ಅಂತಾಳೆ ಹಾಗೆ?"

"ಯಾವಾಗಂದ್ರೆ... ಮೆಟ್ಟಿಲು ಹತ್ತಿ ಬಂದಾಗ. ಸ್ನಾನ ಆದ್ಮೇಲೆ. ಬಾಗಿಲಲ್ಲೇ ಕೂತ್ಕೊಂಡು, ಕಾಲು ಚಾಚಿ..."

"ಬಾಗಿಲಲ್ಲಿ ಕೂತ್ಕೊಂಡು," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಕುರ್ಚಿಯಲ್ಲಿ ಕುಸಿದ.

ಆಮೇಲೆ ಹೇಳತೊಡಗಿದ.

"ನಾನು ಹುಟ್ಟಿದ್ದು ಜಪಾನಿನಲ್ಲೇ. ಅಮ್ಮ ಅಲ್ಲಿಯವಳು, ಮಾತಾಡೋ ರಾಗ ಥೇಟ್ ಗುಬ್ಬಿ ಅಜ್ಜಿದೇ. ಮೀನು ಪ್ಯಾಕ್ ಮಾಡೋ ಫ್ಯಾಕ್ಟರೀಲಿ ಕೆಲಸ. ಸಾಯಂಕಾಲ ಬಂದವಳೇ ಬಾಗಿಲಲ್ಲಿ ಕೂತು ಬೂಟು ಕಳಚ್ತಾ ಅನ್ನೋಳು, ಆ... ಕೊವಾಇ ಅಂತ. ದಿನಾ. ನಿಮ್ಮ ಗುಬ್ಬಿಗಿಂತ ಚಿಕ್ಕವನು ನಾನು. ಅಪ್ಪ ಅಮ್ಮ ಬೇರೆ ಆದ್ರು. ಅಪ್ಪ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದು ದೊಡ್ಡಮ್ಮನ ಮನೇಲಿ ಬಿಟ್ರು."

ಅವಳು ಒಳಗೆ ಬಂದು ಅವನೆದುರು ಕುಳಿತಳು.

"ದೊಡ್ಡಮ್ಮ ದೇವರಂಥವಳು. ಎಲ್ಲರೂ ಅಕ್ಕರೆಯಿಂದಾನೇ ನೋಡ್ಕೊಂಡ್ರು. ಆದ್ರೆ ಆ ಭಾಷೇಲಿ ಮಾತಾಡೋರು ಒಬ್ಬರೂ ಇರ್ಲಿಲ್ಲ. ನಿಮ್ಮಮ್ಮ ಹೇಳಿದ್ರಲ್ಲ, ತಾನಾಗೇ ಮರೆತುಹೋಗುತ್ತೆ ಅಂತ... ಮರೆತುಹೋಯ್ತು. ಅಮ್ಮ ಫೋನ್ ಮಾಡೋಳು. ಅವಳು ಏನಂತಾಳೆ ಅಂತ ನನಗೆ ಗೊತ್ತಾಗ್ತಿರ್ಲಿಲ್ಲ. ರಿಸೀವರ್ ಹಿಡ್ಕೊಂಡು ಸುಮ್ಮನೆ ನಿಂತಿರ್ತಿದ್ದೆ. ಆಮೇಲಾಮೇಲೆ ಫೋನ್ ಬಡಕೊಂಡ್ರೆ ಹೋಗಿ ಮಂಚದ ಕೆಳಗೆ ಬಚ್ಚಿಟ್ಕೊಳ್ತಿದ್ದೆ."

"ಆಮೇಲೆ?"

"ಆಮೇಲೆ ಫೋನ್ ಬರೋದು ನಿಂತುಹೋಯ್ತು. ನಾನು ಕಾಲೇಜು ಸೇರೋ ಹೊತ್ತಿಗೆ ಅವಳು ಇರ್ಲಿಲ್ಲ." ಅವನು ಕಪಾಟಿನ ಕಡೆ ಕೈ ತೋರಿಸಿದ. "ಆವಾಗ ಕಲಿಯೋಕೆ ಶುರು ಮಾಡ್ದೆ. ಸಿಕ್ಕಿದ್ದು ಓದ್ದೆ, ಸಿಕ್ಕಿದ್ದು ನೋಡ್ದೆ. ಅದರಲ್ಲಿ ಯಾವುದು ಕಸ, ಯಾವುದು ಒಳ್ಳೇದು ಅಂತ ಯಾರೂ ಹೇಳೋರಿರ್ಲಿಲ್ಲ. ಮಾತೆಲ್ಲ ಬಂತು. ಕೇಳಿಸ್ಕೋಬೇಕಾದವಳು ಇರ್ಲಿಲ್ಲ ಅಷ್ಟೇ."

ಅವಳು ತಲೆ ತಗ್ಗಿಸಿದಳು. 'ಮಗು ಭಾರ ಅಂದೆನಲ್ಲ ನಾನು... ಆ ಮಗು ಇವನೇ ಆಗಿದ್ದ!'

"ಚಿಕ್ಕಂದಿನಿಂದ ನನ್ನಲ್ಲಿ ಉಳಿದಿದ್ದು ಆ ಒಂದೇ ಮಾತು. ಕೊವಾಇ. ನಿಘಂಟಿನಲ್ಲಿ ನೋಡ್ದೆ. ಭಯ ಅಂತ ಇತ್ತು. ದಿನಾ ಸಾಯಂಕಾಲ ಅಮ್ಮ ಹೆದರ್ಕೊಂಡು ಮನೆಗೆ ಬರ್ತಿದ್ಲು ಅಂದ್ರೆ, ಯಾರಿಗೆ ಹೆದರ್ತಿದ್ಲು? ಅಪ್ಪನಿಗೇ ತಾನೆ? ಆವತ್ತಿನಿಂದ ನಾನು ಅಪ್ಪನ ಹತ್ರ ಮಾತು ಬಿಟ್ಟೆ."

ಅವಳು ಹಣೆ ಗಂಟಿಕ್ಕಿದಳು. ಏನೋ ಹೊಂದುತ್ತಿರಲಿಲ್ಲ. ಗಾಜು ಬದಲಿಸಿದರೂ ಅಕ್ಷರ ಮಸುಕಾಗಿಯೇ ಉಳಿದಾಗ ಅವಳಿಗೆ ಆಗುವ ಹಾಗೆ.

"ನಿಮ್ಮಮ್ಮ ಹಾಗಂದಿದ್ದು ಹೊರಗಡೆಯಿಂದ ಬಂದ್ಮೇಲೆ. ಕೆಲಸ ಮುಗಿಸಿ ಬಂದ್ಮೇಲೆ. ಗುಬ್ಬಿ ಹೇಳೋದೂ ಮೆಟ್ಟಿಲು ಹತ್ತಿದ ಮೇಲೆ. ಹೆದರಿದವರು ಕಾಲು ಚಾಚಿ ಕೂರ್ತಾರಾ? ಓಡಿಹೋಗ್ತಾರಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಗುಬ್ಬಿ ಅಜ್ಜಿಗೆ ಫೋನ್ ಮಾಡಿ," ಎಂದ ಅವನು.

ಅವನೇ ಮಾತಾಡಿದ. ಅಜ್ಜಿ ಕೇಳಿಸಿಕೊಂಡರು, ಏನೋ ಉದ್ಗರಿಸಿದರು, ಪಟಪಟನೆ ಹೇಳಿದರು. ಅವನು ಫೋನು ಹಿಡಿದೇ ಇದ್ದ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಏನಂದ್ರು? ಹೇಳಿ!"

"ಅವರ ಕಡೆ... ಕೊವಾಇ ಅಂದ್ರೆ ಸುಸ್ತು. ಮೈಯಲ್ಲಿ ಶಕ್ತಿ ಇಲ್ಲ, ಹುಷಾರಿಲ್ಲ ಅಂತ. ಬೇರೆ ಕಡೆಯವರಿಗೆ ಗೊತ್ತಾಗಲ್ವಂತೆ." ಅವನು ಅಂಗೈಯಿಂದ ಮುಖ ಮುಚ್ಚಿಕೊಂಡ. "ಸುಸ್ತಾಗಿತ್ತು ಅಷ್ಟೇ... ಅಮ್ಮ ಹೆದರಿರ್ಲಿಲ್ಲ. ಸುಸ್ತಾಗಿತ್ತು ಅವಳಿಗೆ!"

ಅವಳು ಮೆಲ್ಲಗೆ ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟಳು. ಕೆಳಗೆ ಪ್ರೆಸ್ಸು ಓಡುತ್ತಲೇ ಇತ್ತು.

ತಟ್ಟನೆ ಅವನು ತಲೆಯೆತ್ತಿದ. "ಅಜ್ಜಿ ಇನ್ನೊಂದು ಮಾತು ಕೇಳಿದ್ರು. ಮಗೂನ ಮೈ ಮುಟ್ಟಿ ನೋಡಿದ್ರಾ ಅಂತ."

ಇಲ್ಲ. ಮುಟ್ಟಿರಲಿಲ್ಲ. ಹೆದರುತ್ತದೆಂದು ಮುಟ್ಟಿರಲಿಲ್ಲ!

ಇಬ್ಬರೂ ಓಡಿದರು.

ಗುಬ್ಬಿಯ ಮೈ ಕೆಂಡದಂತೆ ಸುಡುತ್ತಿತ್ತು. ತುಟಿ ಒಣಗಿತ್ತು.

ಅವನು ಹಾಸಿಗೆ ಪಕ್ಕ ಮಂಡಿಯೂರಿ ಆ ಭಾಷೆಯಲ್ಲಿ ಏನೋ ಕೇಳಿದ. ಆ ರಾಗ ಕೇಳಿ ಮಗು ಕಣ್ಣು ಬಿಟ್ಟಿತು. ಮೊದಲು ಒಂದು ಪದ, ಆಮೇಲೆ ಇನ್ನೊಂದು. ಆಮೇಲೆ ಕಟ್ಟೆ ಒಡೆದಂತೆ ಮಾತು ಬಂತು. ಇಷ್ಟು ದಿನ 'ಹಾಇ' ಬಿಟ್ಟು ಬೇರೆ ಗೊತ್ತಿಲ್ಲ ಎಂಬಂತಿದ್ದ ಮಗು!

"ಗಂಟಲು ನೋವಂತೆ. ಊರು ಬಿಟ್ಟಾಗಿನಿಂದ ಸುಸ್ತಂತೆ. ಮತ್ತೆ..." ಅವನು ತಡವರಿಸಿದ. "ಚಿಕ್ಕಮ್ಮ ಯಾಕೆ ನನ್ನ ಹತ್ರ ಬರಲ್ಲ, ನಾನು ಅವರಿಗೆ ಇಷ್ಟ ಇಲ್ವಾ ಅಂತ ಕೇಳ್ತಿದ್ದಾಳೆ."

ಅವಳು ಮಗುವನ್ನು ಬಾಚಿ ತಬ್ಬಿಕೊಂಡಳು. ಕಾಲುಚೀಲದ ಪುಸ್ತಕದ ಕೊನೆಯ ಪುಟದ ಮಾತೊಂದೇ ಹೊರಬಂದದ್ದು.

"ದಾಇಸುಕಿ," ಎಂದಳು. ತುಂಬ ಇಷ್ಟ. "ಗುಬ್ಬಿ, ದಾಇಸುಕಿ... ದಾಇಸುಕಿ..."

ಮಗು ಸುಡುವ ಹಣೆಯನ್ನು ಅವಳ ಕುತ್ತಿಗೆಗೆ ಒತ್ತಿ, 'ಶಿಕು ಶಿಕು' ಎಂದು ಆ ಪುಸ್ತಕದಲ್ಲಿ ಬರೆದಿದ್ದ ಹಾಗೆಯೇ ಅತ್ತಿತು.

ಡಾಕ್ಟರು ಗಂಟಲಿನ ಸೋಂಕು ಎಂದರು. ಔಷಧಿ ಕೊಟ್ಟರು, ಚೆನ್ನಾಗಿ ಮಲಗಿಸಿ ಎಂದರು. ಅವನು ಆ ದಿನವೆಲ್ಲ ಅಲ್ಲೇ ಇದ್ದ. ನೀರು ಕುಡಿಸಿದ, ಬಟ್ಟೆ ಒದ್ದೆ ಮಾಡಿ ಕೊಟ್ಟ, ಕೇಳಿದಾಗಲೆಲ್ಲ ಕಥೆ ಹೇಳಿದ.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಸಂಜೆ ಅವನ ಮುಂದೆ ಟೀ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮರೆತ್ರೆ ಒಳ್ಳೇದು ಅಂದೆನಲ್ಲಪ್ಪ... ಅದು ಮರೆಯೋದಾದ್ರೆ ನನ್ನ ದೊಡ್ಡ ಮಗಳು ಅದಕ್ಕೆ ಏನೇನು ಹೇಳಿದ್ಲೋ ಅದೂ ಹೋಗಿಬಿಡುತ್ತೆ ಅಲ್ವಾ? ನನಗೆ ಹೊಳೀಲೇ ಇಲ್ಲ. ನನಗೂ ಆ ಭಾಷೆ ಎರಡು ಮಾತು ಹೇಳ್ಕೊಡು. ನಿಧಾನಕ್ಕೆ ಹೇಳು, ನನ್ನ ಕಿವಿ ಮೊದಲಿನ ಹಾಗಿಲ್ಲ."

"ಖಂಡಿತ ಹೇಳ್ಕೊಡ್ತೀನಮ್ಮ," ಎಂದ ಅವನು.

ಜ್ವರ ಬಿಟ್ಟ ಮೇಲಿನ ಭಾನುವಾರ. ಒಳಗೆ ಅಮ್ಮ ಮತ್ತು ಗುಬ್ಬಿ ಬಸವನಹುಳದ ಮುಂದೆ ಕುಳಿತಿದ್ದರು. ಅಮ್ಮ ತಪ್ಪುತಪ್ಪಾಗಿ ಏನೋ ಹೇಳುವುದು, ಗುಬ್ಬಿ ಗಂಭೀರವಾಗಿ ತಿದ್ದುವುದು ಬಾಲ್ಕನಿಗೂ ಕೇಳಿಸುತ್ತಿತ್ತು.

ಬಾಲ್ಕನಿಯಲ್ಲಿ ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವನು ಕ್ಲಿಪ್ಪುಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಅಪ್ಪನಿಗೆ ಫೋನ್ ಮಾಡ್ದೆ," ಎಂದ.

"ಏನಂದ್ರು?"

"ನಾನೂ ಏನೂ ಅನ್ಲಿಲ್ಲ, ಅವರೂ ಏನೂ ಅನ್ಲಿಲ್ಲ. ಆದ್ರೆ ಇಬ್ಬರೂ ಫೋನ್ ಇಡ್ಲಿಲ್ಲ."

ಅವಳು ಕೈಯಲ್ಲಿದ್ದ ಗುಬ್ಬಿಯ ಅಂಗಿಯನ್ನು ಮಡಿಸುವುದು ನಿಲ್ಲಿಸಿದಳು. "ಆವತ್ತು ಮೆಟ್ಟಿಲ ಹತ್ರ ನಾನು ಆಡಿದ ಮಾತು... ಅದನ್ನ ಹೊಟ್ಟೆಗೆ ಹಾಕ್ಕೊಳ್ಳಿ. ನಿಜ ಏನು ಅಂತ ನನಗೆ ಹೇಗೆ ಗೊತ್ತಾಗ್ಬೇಕಿತ್ತು? ನೀವಾದ್ರೂ ಹೇಳಬಾರದಿತ್ತಾ?"

"ಬೇರೆಯವರ ಮಾತನ್ನ ಎರಡು ಸಾಲಿಗೆ ಇಳಿಸೋದು ಅಷ್ಟೇ ನನಗೆ ಬರೋದು. ನನ್ನದೇ ಮಾತು ಹೇಳೋಕೆ ಹೋದ್ರೆ ಬಾಯಿ ಕಟ್ಟಿಹೋಗುತ್ತೆ." ಅವನು ಕ್ಲಿಪ್ಪುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಒಂದು ಮಾತು ಕೇಳ್ಬೇಕು ಅಂದಿದ್ದೆನಲ್ಲ... ಯಾವ ಭಾಷೇಲಿ ಕೇಳ್ಲಿ?"

ಅವಳ ಕೆನ್ನೆ ಬಿಸಿಯಾಯಿತು. "ನಿಮಗೆ ಭಯ ಆಗದೇ ಇರೋ ಭಾಷೇಲಿ."

"ಎರಡರಲ್ಲೂ ಭಯ ಆಗುತ್ತೆ."

"ಹಾಗಾದ್ರೆ ಹೆದರ್ಕೊಂಡೇ ಕೇಳಿ. ನಾನು ಎಲ್ಲಿಗೂ ಹೋಗಲ್ಲ."

ಅವನು ಉಸಿರೆಳೆದುಕೊಂಡ.

"ನಾನು ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ಗುಬ್ಬಿ ಬೆಳೆಯೋದನ್ನ ನಿಮ್ಮ ಜೊತೇಲೇ ಇದ್ದು ನೋಡ್ಬೇಕು ಅಂತ ಆಸೆ. ಮನೆ ಅಂದ್ರೆ ಹೇಗಿರುತ್ತೆ ಅಂತ ನಾನು ಸಿನಿಮಾ ನೋಡಿ ತಿಳ್ಕೊಂಡವನು. ತಪ್ಪು ಮಾಡ್ತೀನಿ. ತಿದ್ತೀರಾ?"

ಅವಳ ಕಣ್ಣು ತುಂಬಿ ಬಂತು. ಮಡಿಸಿದ ಬಟ್ಟೆಯನ್ನು ಅವನ ತೋಳಿನ ಮೇಲೆ ಒಂದೊಂದಾಗಿ ಇಟ್ಟಳು.

"ತಿದ್ತೀನಿ. ಮೊದಲನೇದು ಈಗಲೇ. ಇಷ್ಟೆಲ್ಲ ಹೇಳಿದ್ಮೇಲೂ 'ನೀವು' ಅಂತಿದ್ದೀರಲ್ಲ?"

"ನೀವೂ ಅಂತಿದ್ದೀರಲ್ಲ!"

"ಮೊದಲು ನೀವು ಬಿಡಿ."

ಅವನು ತೋಳಿನ ತುಂಬ ಬಟ್ಟೆ ಹೊತ್ತುಕೊಂಡು ನಿಂತು, ಪರೀಕ್ಷೆಗೆ ಕುಳಿತ ಹುಡುಗನ ಹಾಗೆ ಅವಳ ಮುಖ ನೋಡಿದ.

"ನೀನು..." ಎಂದ. "ನೀನು ನನ್ನ ಜೊತೆ ಇರ್ತೀಯಾ?"

"ಇರ್ತೀನಿ ಕಣೋ," ಎಂದಳು ಅವಳು.